ಬಿಚ್ಚಣಿಕೆ ಮನೆಯ ಸ್ಟೂಲು

ನಾನು ಒಂದು ಸ್ಟೂಲು. ಹಲಸಿನ ಮರದವನು, ಗಟ್ಟಿ ಕಾಲಿನವನು. ನಾನು ಹುಟ್ಟಿದ್ದು ಒಬ್ಬರ ಒಳ್ಳೆಯ ಮನಸ್ಸಿನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಬೈಯಲಿರುವುದು ಆ ಒಳ್ಳೆಯ ಮನಸ್ಸನ್ನೇ.

ಚಿಕ್ಕಬಳ್ಳಾಪುರದ ಕಡೆಯ ಒಂದು ಊರಿನಲ್ಲಿ ಸಂಪಂಗಿರಾಮಯ್ಯನದು ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆ. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ, ಬೇಸಿನ್ನಿಗೆ ಹಾಕಿ, ಕೂದಲಿಗಿಂತ ಸಣ್ಣ ಎಳೆಯನ್ನು ಬೆರಳಿನಿಂದ ಹುಡುಕಬೇಕು. ಸಣ್ಣ ಬೆರಳಿಗೆ ಎಳೆ ಬೇಗ ಸಿಗುತ್ತದೆ ಎಂದು ಅಲ್ಲಿ ಮಕ್ಕಳನ್ನು ಇಟ್ಟಿಗೆಗಳ ಮೇಲೆ ನಿಲ್ಲಿಸುತ್ತಿದ್ದರು. ಒಂದು ದಿನ ಒಬ್ಬಳು ಹುಡುಗಿ ಇಟ್ಟಿಗೆ ಜಾರಿ ಬಿದ್ದು ಮೊಣಕೈವರೆಗೆ ಸುಟ್ಟುಕೊಂಡಳು.

ಊರಿನ ಹಳೆಯ ಮೇಷ್ಟ್ರು ಓಡಿ ಬಂದರು. ಮಕ್ಕಳನ್ನು ಪೂರ್ತಿ ಬಿಡಿಸಿ ಎಂದರೆ ಯಾರೂ ಕೇಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

"ಹೋಗ್ಲಿ ರಾಮಯ್ಯ, ಒಂದು ಕ್ರಮ ಅಂತಾದ್ರೂ ಮಾಡು. ಬೆಳಗ್ಗೆ ಸ್ಕೂಲಿಗೆ ಕಳಿಸು, ಸಂಜೆ ಮಾತ್ರ ಕೆಲಸ ಇಟ್ಕೋ. ಆ ಇಟ್ಟಿಗೆ ಎಸೆದು ಒಂದು ಗಟ್ಟಿ ಸ್ಟೂಲು ಮಾಡ್ಸು" ಎಂದರು.

ರಾಮಯ್ಯ ತಕ್ಷಣ ಒಪ್ಪಿದ. ಹೀಗೆ ಹುಟ್ಟಿದವನು ನಾನು.

ನನ್ನ ಮೇಲೆ ಮೊದಲು ನಿಂತವಳು ಅನಸೂಯ. ಅವಳ ತಾಯಿ ಮುನಿಪಾಪಮ್ಮ ಪಕ್ಕದ ಬೇಸಿನ್ನಿನ ಕೆಲಸದವಳು. ಒದ್ದೆಯಾದ ಆ ಪುಟ್ಟ ಪಾದಗಳನ್ನು ನಾನು ಒಮ್ಮೆಯೂ ಜಾರಲು ಬಿಡಲಿಲ್ಲ. ನನಗೆ ಎಂಥ ಜಂಬ! ಮಗುವನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಕೆಲವು ದಿನ ಎಲ್ಲ ಮಾತಿನಂತೆಯೇ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ಅವಳನ್ನು ಕರೆತರಲು ರಾಮಯ್ಯ ಸ್ಕೂಲಿಗೇ ಆಳು ಕಳಿಸಿದ. "ಬೆಂದ ಗೂಡು ಕಾಯಲ್ಲ ಕಣಮ್ಮ" ಎನ್ನುವುದು ಅವನ ಮಂತ್ರ. ಅದೂ ಸುಳ್ಳಲ್ಲ, ಬೆಂದ ಗೂಡು ಹೆಚ್ಚು ಹೊತ್ತು ನಿಂತರೆ ಮುದ್ದೆಯಾಗುತ್ತದೆ. ಆದರೆ ಬೆರಳು ಕೊಟ್ಟರೆ ಹಸ್ತ ನುಂಗುವ ಜಾತಿಯವನು ಅವನು. ಸಂಜೆಯ ಕೆಲಸ ಮಧ್ಯಾಹ್ನಕ್ಕೆ ಬಂತು, ಮಧ್ಯಾಹ್ನದ್ದು ಬೆಳಗ್ಗೆಗೆ. ಅನಸೂಯಳ ಚೀಲ ಮನೆಯ ಗೂಟದಲ್ಲೇ ಉಳಿಯಿತು. ಯಾರಾದರೂ ಕೇಳಿದರೆ ರಾಮಯ್ಯ ನನ್ನನ್ನೇ ತೋರಿಸುತ್ತಿದ್ದ. "ನೋಡಿ, ಸ್ಟೂಲು ಮಾಡ್ಸಿದೀನಿ" ಎನ್ನುತ್ತಿದ್ದ.

ಪ್ರತಿ ಯುಗಾದಿಗೆ ಆಚಾರಿ ಬಂದು ಅವಳ ಎತ್ತರ ನೋಡಿ ನನ್ನ ಕಾಲುಗಳನ್ನು ಒಂದಿಷ್ಟು ಕೊಯ್ಯುತ್ತಿದ್ದ. ಅವಳು ಬೆಳೆದ ಹಾಗೆ ನಾನು ಕುಳ್ಳಗಾದೆ. ಕೊನೆಗೆ ಅವಳಿಗೆ ನನ್ನ ಅಗತ್ಯವೇ ಇಲ್ಲದೆ ಮೂಲೆ ಸೇರಿದೆ. ಅಷ್ಟರಲ್ಲಿ ಅವಳ ಬೆರಳ ತುದಿಗಳು ಬಿಳಿಚಿ, ಬಿರುಕು ಬಿಟ್ಟು, ಊಟ ಮಾಡಿದರೂ ಉರಿಯುವಂತಾಗಿದ್ದವು.

ಒಂದು ದಿನ ಆಚಾರಿ ಮತ್ತೆ ಬಂದ. ಈ ಸಲ ಕೊಯ್ಯಲಿಲ್ಲ, ನನ್ನ ಕಾಲಿಗೆ ಮರದ ತುಂಡುಗಳನ್ನು ಕೂಡಿಸಿ ಮೊಳೆ ಹೊಡೆದ. ಮಾರನೆಯ ದಿನ ಮುನಿಪಾಪಮ್ಮ ಕಿರಿಮಗಳು ಕಮಲಿಯ ಕೈಹಿಡಿದು ಒಳಗೆ ಬಂದಳು.

ಅನಸೂಯ ಬೇಸಿನ್ ಬಿಟ್ಟು ಬಂದು ನನ್ನ ಮೇಲೆ ಕುಕ್ಕರಿಸಿದಳು.

"ಏಳಮ್ಮ, ಮಗು ನಿಂತ್ಕೊಳ್ಲಿ" ಎಂದ ರಾಮಯ್ಯ.

"ಇವಳು ಸ್ಕೂಲಿಗೆ ಹೋಗ್ತಾಳೆ ಸಾವ್ಕಾರ್ರೆ."

"ಬ್ಯಾಡ ಅಂದೋರ್ಯಾರು? ಸಂಜೆ ಮಾತ್ರ ಬರ್ಲಿ. ಸ್ಟೂಲು ಐತೆ, ಬೀಳಲ್ಲ."

"ನಾನೂ ಬೀಳ್ಲಿಲ್ಲ. ಬಿದ್ದಿದ್ರೆ ಮನೆಗಾದ್ರೂ ಕಳಿಸ್ತಿದ್ರಿ. ಬೀಳ್ದೆ ಇದ್ದಿದ್ದಕ್ಕೇ ಇಲ್ಲೇ ಉಳ್ಕೊಂಡೆ."

ನನಗೆ ಯಾರೋ ಉಳಿ ಹಾಕಿ ಹೊಡೆದಂತಾಯಿತು.

"ಅನ್ನ ಕೊಡೋರ ಹತ್ರ ಎದುರು ಮಾತಾಡ್ಬ್ಯಾಡ ಮಗ" ಎಂದು ತಾಯಿ ಅತ್ತಳು. ಪಾಪ, ಮೂರು ಹೊಟ್ಟೆಯ ಚಿಂತೆ ಅವಳದು.

"ಅಮ್ಮ, ಗಂಜಿ ಕುಡ್ದಾದ್ರೂ ಇರೋಣ. ಇವಳ ಕೈ ಆ ನೀರಿಗೆ ಇಳಿಯಂಗಿಲ್ಲ."

ಒಲೆಯ ಮೇಲೆ ಗೂಡು ಬೇಯುತ್ತಿತ್ತು. ಅನಸೂಯ ಕದಲಲಿಲ್ಲ. ಪಕ್ಕದ ಹೆಂಗಸೊಬ್ಬಳು ಸೆರಗಿಗೆ ಕೈ ಒರೆಸಿಕೊಂಡು ಬೇಸಿನ್ ಬಿಟ್ಟು ನಿಂತಳು. ಅವಳನ್ನು ನೋಡಿ ಮತ್ತೊಬ್ಬಳು, ಆಮೇಲೆ ಎಲ್ಲರೂ. ಅವರ ಮನೆಯಲ್ಲೂ ಮಕ್ಕಳಿದ್ದವಲ್ಲ! ನೂಲು ಸುತ್ತುವ ಚರಕಗಳು ನಿಂತವು.

"ಗೂಡು ಹಾಳಾಗ್ತೈತೆ ಕಣ್ರಮ್ಮ!" ಎಂದು ರಾಮಯ್ಯ ಕೂಗಿದ.

"ಬೆಂದ ಗೂಡು ಕಾಯಲ್ಲ ಅಂತ ಹೇಳ್ಕೊಟ್ಟೋರು ನೀವೇ ಅಲ್ವಾ" ಎಂದಳು ಅನಸೂಯ.

ಅವನು ಕೈಚೆಲ್ಲಿದ. ಕಮಲಿ ಸ್ಕೂಲಿಗೆ ಹೋದಳು. ಸಂಜೆ ಅನಸೂಯ ನನ್ನನ್ನು ಕಂಕುಳಲ್ಲಿ ಹೊತ್ತು ಮನೆಗೆ ಹೊರಟಾಗ ತಡೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಈಗ ಅವರ ಮನೆಯ ಜಗುಲಿಯಲ್ಲಿದ್ದೇನೆ, ಮುದುಕನಾಗಿದ್ದೇನೆ. ನನ್ನ ಮೇಲೆ ಕೂತು ಎಷ್ಟೋ ಜನ ವಾದ ಮಾಡಿದ್ದಾರೆ. ಮಕ್ಕಳ ದುಡಿಮೆ ಪೂರ್ತಿ ನಿಲ್ಲಬೇಕೆಂದು ಕೆಲವರು, ನಿಯಮ ಮಾಡಿದರೆ ಸಾಕೆಂದು ಕೆಲವರು. ನನಗೆ ಬಾಯಿದ್ದಿದ್ದರೆ ಹೇಳುತ್ತಿದ್ದೆ: ಸ್ವಾಮಿ, ನೀವು ಕೂತಿರುವುದೇ ಆ ನಿಯಮದ ಮೇಲೆ.

ಇವತ್ತು, ಈಗ ಕಾರ್ಖಾನೆ ನಡೆಸುವ ರಾಮಯ್ಯನ ಅಳಿಯ ಬಾಗಿಲಿಗೆ ಬಂದಿದ್ದಾನೆ. "ಆ ಸ್ಟೂಲು ಕೊಡಕ್ಕ, ಒಂದು ಮಗು ಬಂದೈತೆ. ಸಂಜೆ ಮಾತ್ರ" ಎನ್ನುತ್ತಿದ್ದಾನೆ.

ಅನಸೂಯ ಚಪ್ಪಲಿ ಮೆಟ್ಟಿದಳು. "ಯಾರ ಮಗು? ನಡಿ, ಅವರ ಮನೆ ತೋರ್ಸು" ಎಂದಳು. ಆಮೇಲೆ ಒಳಗೆ ತಿರುಗಿ, "ಕಮಲೀ, ಈ ಸ್ಟೂಲು ಒಡ್ದು ಒಲೆಗೆ ಹಾಕು. ನಾನು ಆ ಮಗೂನ ಕೆಲ್ಸದಿಂದ ಬಿಡಿಸ್ಕೊಂಡು ಬರ್ತೀನಿ" ಎಂದಳು.

ಕಮಲಿ ಕೊಡಲಿ ತರುತ್ತಿದ್ದಾಳೆ. ನನಗೆ ಒಂದು ಚೂರೂ ದುಃಖವಿಲ್ಲ. ಚೆನ್ನಾಗಿ ಒಣಗಿದ್ದೇನೆ, ಚೆನ್ನಾಗಿಯೇ ಉರಿಯುತ್ತೇನೆ.