ದನಿಯಿಲ್ಲದ ಲಿಫ್ಟು

ಲಿಫ್ಟಿನ ದನಿಯನ್ನು ಲಿಫ್ಟು ನಡೆಸುವ ಪ್ರೋಗ್ರಾಮಿನ ಪೈಥಾನ್ ಪ್ಯಾಕೇಜಿನಿಂದ ಎತ್ತಿ ಐಚ್ಛಿಕ ಭಾಗಗಳ ಸಾಲಿಗೆ ಹಾಕಿದರು. ಯಾರಿಗೂ ಹೇಳಲಿಲ್ಲ.

ಪ್ಯಾಕೇಜಿನ ಹೆಸರಷ್ಟೇ ಕೊಟ್ಟು ಇನ್‌ಸ್ಟಾಲ್ ಮಾಡಿದರೆ ಬಾಗಿಲು, ದೀಪ, ಗುಂಡಿಗಳ ಕೆಲಸ ಬರುತ್ತಿತ್ತು. ಯಾವ ಮಹಡಿ ಬಂತೆಂದು ಹೇಳುವ ದನಿ ಬೇಕಾದರೆ ಹೆಸರಿನ ಪಕ್ಕ ಚೌಕ ಕಂಸದಲ್ಲಿ ಅದನ್ನೂ ಬರೆದು ಕೇಳಬೇಕಿತ್ತು. ಕೇಳದಿದ್ದರೆ? ಅದಕ್ಕೂ ಒಳಗೊಂದು ಸಾಲಿತ್ತು: ದನಿ ಸಿಗದಿದ್ದರೆ ತುಟಿ ಬಿಚ್ಚದೆ ಮುಂದೆ ಹೋಗು.

ಕಣ್ಣು ಕಾಣದ ಚಿಕ್ಕಮ್ಮ ಸಂಜೆ ತರಕಾರಿ ಚೀಲ ಹಿಡಿದು ತಮ್ಮ ಕಟ್ಟಡದ ಲಿಫ್ಟು ಹತ್ತಿದಳು. ಅದಕ್ಕೆ ಹೊಸ ಪ್ಯಾಕೇಜು ಹಾಕಿದವನು ದನಿ ಕೇಳಿರಲಿಲ್ಲ. ಲಿಫ್ಟು ಏರುತ್ತಿತ್ತೋ, ಕಟ್ಟಡವೇ ಮೆಲ್ಲಗೆ ಕೆಳಗಿಳಿಯುತ್ತಿತ್ತೋ. ಹತ್ತಿಯೊಳಗೆ ಹುದುಗಿದ ಹಾಗೆ. ಬಾಗಿಲು ತೆರೆಯಿತು, ತಣ್ಣನೆ ಗಾಳಿ ಮುಖ ಸವರಿತು, ಮುಚ್ಚಿತು. ಮತ್ತೆ ತೆರೆಯಿತು, ಯಾರದೋ ಮಗುವಿನ ನಗು ತೇಲಿಬಂದು ತೇಲಿಹೋಯಿತು. ಮಹಡಿಗಳೆಲ್ಲ ಒಂದೇ ನಿದ್ದೆಯಲ್ಲಿದ್ದವು. ಎಲ್ಲೋ ಒಂದು ಕಡೆ ಇಳಿದಳು. ತಮ್ಮ ಮನೆಯೆಂದುಕೊಂಡು ತೆರೆದೇ ಇದ್ದ ಬಾಗಿಲೊಳಗೆ ಹೋಗಿ ಕೂತಳು.

"ಸೋಫಾ ಎಷ್ಟು ಮೆತ್ತಗಿತ್ತು ಕಣೆ," ಎಂದು ಆಮೇಲೆ ಅಕ್ಕನ ಮಗಳಿಗೆ ಹೇಳಿದಳು. "ನನ್ನ ಕೇಳದೆ ಹೊಸದು ತಂದಿದೀಯ ಅಂತ ನಿನ್ನ ಬಯ್ಯೋಕೆ ಬಾಯಿ ತೆಗೆದೆ. ಯಾರೋ ಗಂಡಸು ಕೆಮ್ಮಿದ!"

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಮಾರನೆಯ ದಿನದಿಂದ ಚಿಕ್ಕಮ್ಮ ಒಬ್ಬಳೇ ಹೊರಗೆ ಹೋಗಲಿಲ್ಲ. ಕಾಲುನೋವು ಅಂದಳು. ಕಿಟಕಿಯ ಬಳಿ ಕೂತು ಬೀದಿಯನ್ನು ಕೇಳಿಸಿಕೊಂಡಳು.

ಅಕ್ಕನ ಮಗಳು ಕೆಲಸಕ್ಕಿದ್ದದ್ದು ಆ ಪ್ಯಾಕೇಜು ಬರೆಯುವ ಕಚೇರಿಯಲ್ಲೇ. ತುಟಿ ಬಿಚ್ಚದ ಸಾಲನ್ನು ಅಳಿಸಿ ಬೇರೆ ಬರೆದಳು. ಇನ್ನು ದನಿ ಸಿಗದಿದ್ದರೆ ಪ್ರೋಗ್ರಾಂ ಶುರುವಿಗೇ ನಿಂತು ಹೇಳುತ್ತಿತ್ತು: 'ಇಲ್ಲಿ ದನಿ ಇಲ್ಲ. ಹಾಕಿ. ಬೇಡವಾದರೆ, ಬೇಡವೆಂದು ನಿಮ್ಮ ಹೆಸರು ಹಾಕಿ ಬರೆಯಿರಿ.'

ಮೇಲಧಿಕಾರಿ ಬಂದು ಅವಳ ಕುರ್ಚಿಯ ಹಿಂದೆ ನಿಂತರು. ಎಲ್ಲವನ್ನೂ ಸಣ್ಣಗೆ ಮಾಡುವ ಗೀಳಿದ್ದ ಅವರನ್ನು ಕಚೇರಿಯವರು ಬೆನ್ನ ಹಿಂದೆ ಡಯಟ್ ಸಾಹೇಬರೆನ್ನುತ್ತಿದ್ದರು.

"ಏನಮ್ಮ ಇದು? ಗಿರಾಕಿಗಳನ್ನ ಬಾಗಿಲಲ್ಲೇ ನಿಲ್ಲಿಸಿ ಪಾಠ ಹೇಳ್ತೀಯ? ನೀನು ಹೇಳಿದೆಯಲ್ಲ, ನಿಮ್ಮ ಚಿಕ್ಕಮ್ಮನ ಲಿಫ್ಟಿಗೆ ದನಿ ನಾನೇ ಹಾಕಿಸ್ತೀನಿ. ಹಳೇ ಸಾಲು ವಾಪಸ್ ಹಾಕು."

"ಬೇರೆಯವರ ಚಿಕ್ಕಮ್ಮಂದಿರು, ಸರ್?"

"ಬೇಕಾದವರು ಕೇಳ್ತಾರೆ."

"ಕೇಳ್ಬೇಕಾದ್ದು ಇನ್‌ಸ್ಟಾಲ್ ಮಾಡೋನು, ಸರ್. ಅವನಿಗೆ ಕಣ್ಣು ಕಾಣುತ್ತೆ."

ಇಡೀ ಕೋಣೆ ಸದ್ದಿಲ್ಲದೆ ಮೇಲೇರುತ್ತಿರುವಂತೆ, ಯಾವ ಮಹಡಿ ಎಂದು ಯಾರಿಗೂ ತಿಳಿಯದಂತೆ ಅವಳಿಗನ್ನಿಸಿತು.

"ಹಾಕಮ್ಮ. ಎಲ್ಲರೂ ಕಾಯ್ತಿದಾರೆ."

ಅವಳು ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಹಾಕಲ್ಲ, ಸರ್."