ಗೈಡಿನ ತಾಯಿ

ಭಾನುವಾರ ಮಧ್ಯಾಹ್ನ ಬೈಂಡಿಂಗ್ ಅಂಗಡಿಯ ಬಾಗಿಲು ಅರ್ಧ ಎಳೆದಿರುತ್ತಿತ್ತು. ಒಳಗೆ ಅಂಟಿನ ವಾಸನೆ, ರಟ್ಟಿನ ರಾಶಿ, ನೆಲದ ಮೇಲೆ ಆರೇಳು ಮಕ್ಕಳು. ಅಂಗಡಿಯವನಿಗೆ ಅವರಿಟ್ಟ ಹೆಸರು ರಟ್ಟಣ್ಣ. ಕತ್ತರಿಸಿ ಉಳಿದ ಕಾಗದವನ್ನು ಹೊಲಿದು ಅವರಿಗೆ ಪುಟ್ಟ ಪುಸ್ತಕ ಮಾಡಿಕೊಡುತ್ತಿದ್ದ. ಕಥೆ ಬರೀರಿ, ಸುಳ್ಳಾದರೂ ಸರಿ, ನಿಮ್ಮದೇ ಸುಳ್ಳಾಗಿರಲಿ. ಅವನ ಪಾಠ ಅಷ್ಟೇ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ಏನು ಕಲಿಸಿಯಾನು ಎಂದು ಬೀದಿಯವರು ಮೂಗು ಮುರಿಯುತ್ತಿದ್ದರು. ಪರೀಕ್ಷೆಗೆ ಬಾರದ್ದನ್ನು ಬರೆಸಿ ಮಕ್ಕಳ ತಲೆ ಕೆಡಿಸುತ್ತಾನೆ ಎಂದು ಮೇಷ್ಟ್ರು ಮನೆಮನೆಗೂ ಹೇಳಿ ಕಳಿಸಿದ್ದರು. ಆಮೇಲೆ ಉಳಿದವರೇ ಈ ಆರೇಳು ಮಂದಿ.

ಆ ಭಾನುವಾರ ದರ್ಜಿಯ ಮಗಳು ಮೂಲೆ ಹಿಡಿದು ಕೂತಿದ್ದಳು. ಅಷ್ಟು ಸಣಕಲು ಎಂದು ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಗುಂಡುಸೂಜಿ. ಪುಟ್ಟ ಪುಸ್ತಕ ಮುಟ್ಟದೆ, ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಲೇ ಇದ್ದಳು. ರಟ್ಟಣ್ಣ ಬಗ್ಗಿ ನೋಡಿದ. 

'ನನ್ನ ತಾಯಿಯು ಮುಂಜಾನೆ ಐದು ಗಂಟೆಗೆ ಏಳುತ್ತಾಳೆ. ಆಕೆಯ ಮುಖದಲ್ಲಿ ಸದಾ ಮುಗುಳ್ನಗೆ ಇರುತ್ತದೆ.'

ಗೈಡಿನ ಪ್ರಬಂಧ. ಹದಿನೈದು ವರ್ಷವಾದರೂ ಒಂದಕ್ಷರ ಬದಲಾಗಿರಲಿಲ್ಲ.

ಗುಂಡುಸೂಜಿಯ ಅಮ್ಮ ತೀರಿಹೋಗಿ ಮೂರು ತಿಂಗಳಾಗಿತ್ತು. ಶಾಲೆಯಲ್ಲಿ ತಾಯಿಯ ಬಗ್ಗೆ ಬರೆ ಎಂದಾಗ ಅವಳು, ಅಮ್ಮ ಕೂರುತ್ತಿದ್ದ ಸ್ಟೂಲಿನ ಮೇಲೆ ಅಪ್ಪ ಯಾರನ್ನೂ ಕೂರಲು ಬಿಡುವುದಿಲ್ಲ ಎಂದು ಬರೆದಿದ್ದಳಂತೆ. ಕೇಳಿದ್ದು ಬರಿ, ಹೊಳೆದದ್ದಲ್ಲ ಎಂದು ಮೇಷ್ಟ್ರು ಹಾಳೆ ಹರಿದರಂತೆ. ನಾಳೆಯೊಳಗೆ ಗೈಡಿನದನ್ನು ನೂರು ಸಲ ಬರೆದು ತರಬೇಕು, ಇಲ್ಲದಿದ್ದರೆ ಕ್ಲಾಸಿಗೆ ಸೇರಿಸುವುದಿಲ್ಲ. ಮನೆಯಲ್ಲಿ ಬರೆದರೆ ಅಪ್ಪ ನೋಡಿಬಿಡುತ್ತಾನೆಂದು ಇಲ್ಲಿಗೆ ತಂದಿದ್ದಳು.

ರಟ್ಟಣ್ಣನಿಗೂ ಅದೇ ಮೇಷ್ಟ್ರು ಅದೇ ನೂರು ಕೊಟ್ಟಿದ್ದರು, ಅವನಮ್ಮ ಸತ್ತ ವರ್ಷ. ಹಲ್ಲು ಕಚ್ಚಿ ಬರೆದು ಮುಗಿಸಿ, ಮನೆಗೆ ಹೋಗಿ ಕಣ್ಣು ಮುಚ್ಚಿದರೆ ಅಮ್ಮನ ಮುಖ ಬರಲಿಲ್ಲ. ಬಂದವಳು ಗೈಡಿನವಳು. ಮತ್ತೆ ಅವನು ಶಾಲೆಯ ಕಡೆ ತಲೆ ಹಾಕಲಿಲ್ಲ. ಆ ಗೈಡಿನವಳು ಮಾತ್ರ ಅವನನ್ನು ಬಿಡಲಿಲ್ಲ. ಇವತ್ತಿಗೂ ಮುಂಜಾನೆ ಐದಕ್ಕೆ ಅವನ ಅಡುಗೆಮನೆಯಲ್ಲಿ ಎದ್ದು ನಿಂತಿರುತ್ತಾಳೆ. ಒಲೆ ಹಚ್ಚುವುದಿಲ್ಲ, ಮಾತಾಡುವುದಿಲ್ಲ. ಮುಗುಳ್ನಗುತ್ತಾಳೆ, ಅಷ್ಟೇ.

"ಎಷ್ಟಾಯ್ತೇ?"

"ಅರವತ್ತೊಂದು."

"ಪೆನ್ನು ಕೆಳಗಿಡು. ನಿಮ್ಮಮ್ಮ ಎಷ್ಟೊತ್ತಿಗೆ ಏಳ್ತಿದ್ಲು?"

"ಐದಕ್ಕೆ," ಅಂದಳು. ಅಂದವಳು ತಾನೇ ಗಾಬರಿಯಾಗಿ ಅವನ ಮುಖ ನೋಡಿದಳು. "ಇಲ್ಲ ಅಣ್ಣ. ಅವ್ಳು ಏಳ್ತಾನೇ ಇರ್ಲಿಲ್ಲ. ಅಪ್ಪ ಎಬ್ಬಿಸ್ಬೇಕಿತ್ತು."

"ನಗ್ತಿದ್ಲಾ?"

ಹುಡುಗಿ ಕಣ್ಣು ಮುಚ್ಚಿದಳು. ಹುಡುಕುತ್ತಿದ್ದಾಳೆ ಎಂದು ರಟ್ಟಣ್ಣನಿಗೆ ಗೊತ್ತಿತ್ತು. ಆ ಹುಡುಕಾಟದ ಕೊನೆಗೆ ಏನೂ ಸಿಗದಿದ್ದರೆ ಹೇಗಿರುತ್ತದೆ ಎನ್ನುವುದೂ ಗೊತ್ತಿತ್ತು. 

"ಬಾಯಲ್ಲಿ ದಾರ ಇರ್ತಿತ್ತು," ಅಂದಳು ಕಡೆಗೆ. "ಕತ್ತರಿ ಪಕ್ಕದಲ್ಲೇ ಇದ್ರೂ ಹಲ್ಲಲ್ಲೇ ಕಡೀತಿದ್ಲು. ಅಪ್ಪ ಬೈದ್ರೆ, ಕತ್ತರಿಗೆ ಸಾಣೆ ಹಿಡಿಸೋಕಾಗದ ಗಂಡ ಬಾಯಿ ಮುಚ್ಕೊಂಡಿರ್ಬೇಕು ಅಂತಿದ್ಲು."

ಮಕ್ಕಳೆಲ್ಲ ನಕ್ಕರು. ಗುಂಡುಸೂಜಿಯೂ.

ರಟ್ಟಣ್ಣ ನೋಟ್‌ಬುಕ್ ಕಿತ್ತುಕೊಂಡು ಪುಟ್ಟ ಪುಸ್ತಕವನ್ನು ಅವಳ ಕೈಗಿಟ್ಟ. "ಅದನ್ನ ಬರಿ, ಈಗಲೇ. ಉಳಿದಿದ್ದು ನಾನು ಬರೀತೀನಿ."

"ಅಕ್ಷರ ಬೇರೆ ಅಂತ ಮೇಷ್ಟ್ರಿಗೆ ಗೊತ್ತಾಗಲ್ವಾ?"

"ಅವ್ರು ಎಣಿಸ್ತಾರೆ ಕಣೇ. ಓದಲ್ಲ."

ಅವನು ಬರೆದ. ಸಿಟ್ಟಿಗೆ ಪೆನ್ನು ಹಾಳೆಯನ್ನೇ ತೂತು ಮಾಡುತ್ತಿತ್ತು. ಎಪ್ಪತ್ತು ದಾಟುವಾಗ ಬೆನ್ನ ಹಿಂದೆ ಗೈಡಿನವಳು ಬಂದು ನಿಂತಿದ್ದು ಗೊತ್ತಾಯಿತು. ತಿರುಗಲಿಲ್ಲ. ಅಂಗಡಿಗೆ ಅವಳು ಹಿಂದೆಂದೂ ಬಂದಿರಲಿಲ್ಲ. ಮೂಲೆಯ ಹುಡುಗಿಯತ್ತ ಅವಳು ಒಂದು ಹೆಜ್ಜೆ ಇಟ್ಟಳು.

"ಆ ಕಡೆ ಹೋಗ್ಬೇಡ," ಅಂದ ತುಟಿಯಲ್ಲೇ. "ಇಲ್ಲೇ ಕೂತ್ಕೋ."

ಅವಳು ಅವನ ಪಕ್ಕ ಕೂತಳು. ಅವನು ಎಪ್ಪತ್ತೆರಡನೆಯದು ಶುರು ಮಾಡಿದ. ಆಚೆ ಮೂಲೆಯಲ್ಲಿ ಗುಂಡುಸೂಜಿ ತಲೆ ತಗ್ಗಿಸಿ ಬರೆಯುತ್ತಿದ್ದಳು. ನೆಲದಿಂದ ಹೆಕ್ಕಿದ ಹೊಲಿಗೆ ದಾರದ ಚೂರೊಂದು ಅವಳ ಹಲ್ಲುಗಳ ನಡುವೆ ಇತ್ತು.