ಗ್ರಹಣದ ನೀರು, ಮೃಣಾಲಿನಿಯ ಮೀನು

ಬಂಗಾರದ ಬಣ್ಣದ ದೊಡ್ಡ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿರುವುದನ್ನು ಕಂಡು ಪ್ರೇಮಾಬಾಯಿ ಹತ್ತಿರಕ್ಕೆ ಓಡಿದಳು. ಕೈಯಲ್ಲಿದ್ದ ಹೂವಿನ ಬುಟ್ಟಿ ಅಲ್ಲೇ ಜಾರಿತು. ಮುಂಜಾನೆ ತಾನೇ ಫಳಫಳ ತೊಳೆದಿಟ್ಟ ಗಾಜಿನ ಪೆಟ್ಟಿಗೆ ಅದು! ಸತ್ತದ್ದರ ಪಕ್ಕ ಇನ್ನೊಂದು ಓರೆಯಾಗಿ ಬಿದ್ದಿತ್ತು. ಉಳಿದವು ನೀರಿನ ಮೇಲಕ್ಕೆ ಬಂದು ಬಾಯಿ ತೆರೆತೆರೆದು ಒದ್ದಾಡುತ್ತಿದ್ದವು.

ಬಾದಾಮಿಯ ಈ ಮನೆಗೆ ಮೊಮ್ಮಗಳು ಮೃಣಾಲಿನಿ ಮೀನು ತಂದ ದಿನ ಈಕೆ ಮಾಡಿದ ರಾದ್ಧಾಂತ ಓಣಿಗೆಲ್ಲ ಗೊತ್ತು. "ಮಡಿ ಮನ್ಯಾಗ ಮೀನು? ನಾ ಸತ್ತ ಮ್ಯಾಲೆ ಇಡ್ರಿ!" ಎಂದು ಒಂದು ಹೊತ್ತು ಊಟವನ್ನೂ ಬಿಟ್ಟಿದ್ದಳು. ಅದೇ ಮಹಾತಾಯಿ ಈಗ ಧಾರಾವಾಹಿ ಮರೆತು ಗಾಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಕರಿ ಮೀನಿಗೆ ಕಾಳೂ ಎಂದು ಹೆಸರಿಟ್ಟವಳೂ ಅವಳೇ.

ಮೃಣಾಲಿನಿ ಇಳಕಲ್ಲಿನ ಅತ್ತೆಯ ಮನೆಗೆ ಹೊರಟಾಗ ಒತ್ತಿ ಒತ್ತಿ ಹೇಳಿದ್ದಳು. "ಅಜ್ಜಿ, ನೀರು ಬದಲಿ ಮಾಡಿದ್ರ ಕಾಲು ಭಾಗ ಅಷ್ಟ. ಅದೂ ಬಾವಿ ನೀರು. ಉಳದದ್ದು ಹಳೇ ನೀರ ಇರಬೇಕು."

"ನಿನ್ನ ಮೀನಿನ ಕೂದಲೂ ಕೊಂಕೂದಿಲ್ಲ, ಹೋಗಿ ಬಾ."

ಮೀನಿಗೆ ಕೂದಲೆಲ್ಲಿಯದು ಎಂದು ಹುಡುಗಿ ನಗುತ್ತಲೇ ಬಸ್ಸು ಹತ್ತಿದ್ದಳು.

ಆದರೆ ಅವಳ ಲೆಕ್ಕದಲ್ಲಿ ಗ್ರಹಣ ಇರಲಿಲ್ಲ. ಹಿಂದಿನ ರಾತ್ರಿ ಚಂದ್ರನಿಗೆ ಗ್ರಹಣ ಹಿಡಿದು ಬಿಟ್ಟಿತ್ತು. ಗ್ರಹಣದ ನೀರನ್ನು ಈ ಮನೆಯಲ್ಲಿ ಯಾರೂ ಇಟ್ಟುಕೊಂಡವರಲ್ಲ. ಬೆಳಗಾಗುತ್ತಲೇ ಪ್ರೇಮಾಬಾಯಿ ಹಂಡೆ, ಕೊಡ, ಬಕೆಟ್ಟು ಎಲ್ಲ ಬರಿದು ಮಾಡಿದಳು. ಆಮೇಲೆ ಕಣ್ಣು ಮೀನಿನ ಮೇಲೆ ಬಿತ್ತು. ನಾವು ಹೊಸ ನೀರು ಕುಡಿದು, ಪಾಪ, ಈ ಕೂಸುಗಳು ಗ್ರಹಣದ ನೀರಿನಲ್ಲಿ ಇರಬೇಕೆ? ಮೀನುಗಳನ್ನು ಬೋಗುಣಿಗೆ ಹಾಕಿ ಹಳೆಯ ನೀರನ್ನು ಕೊನೆಯ ಹನಿಯವರೆಗೆ ಹಿತ್ತಲಿಗೆ ಚೆಲ್ಲಿದಳು. ಪೆಟ್ಟಿಗೆಯ ತಳದ ಹರಳುಗಳನ್ನು ಅಕ್ಕಿ ತೊಳೆದಂತೆ ತೊಳೆದಳು. ಫಿಲ್ಟರಿನ ಸ್ಪಂಜಿನಲ್ಲಿ ಕಂದು ರಾಡಿ ಕಂಡು ಅಸಹ್ಯವಾಗಿ ಅದನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದಳು. ಅಷ್ಟು ನೀರನ್ನು ಬಾವಿಯಿಂದ ಸೇದಲು ಸೊಂಟ ಒಪ್ಪಲಿಲ್ಲ, ನಳದ ಪೈಪು ಬಿಟ್ಟಳು. ನೀರಿಗೆ ಔಷಧದ ಘಾಟು ಇತ್ತು. ಸ್ವಚ್ಛ ನೀರೆಂದರೆ ಹೀಗಿರಬೇಕು ಎಂದುಕೊಂಡು ಮೀನುಗಳನ್ನು ಮತ್ತೆ ಅದರೊಳಗೆ ಬಿಟ್ಟಳು. ಆಮೇಲೆ ಸ್ನಾನ ಮಾಡಿ, ಮಡಿ ಉಟ್ಟು, ದೇವರ ಅಭಿಷೇಕಕ್ಕೆಂದು ಬಾವಿಯಿಂದ ಒಂದೇ ಒಂದು ಕೊಡ ನೀರು ತಂದಿಟ್ಟಳು.

ಈಗ ಮಡಿಯಲ್ಲಿದ್ದೇನೆಂಬುದನ್ನೂ ಮರೆತು ಗಂಡ ಕೃಷ್ಣಾಜಿಯ ಮೊಬೈಲಿನಿಂದ ಇಳಕಲ್ಲಿಗೆ ಫೋನು ಹಚ್ಚಿದಳು. ನಡೆದದ್ದನ್ನೆಲ್ಲ ಕೇಳಿ ಆ ಕಡೆ ಹುಡುಗಿ ಚೀರಿದಳು.

"ಎಲ್ಲಾ ನೀರು ಚೆಲ್ಲಿದಿ? ಎಲ್ಲಾ?"

"ಗ್ರಹಣ ಅಲ್ಲೇನವ್ವಾ..."

"ಅಜ್ಜಿ, ನಳದ ನೀರಿನ ಔಷಧ ಅವಕ್ಕ ವಿಷ! ಸ್ಪಂಜಿನಾಗ ಇದ್ದದ್ದು ಹೊಲಸಲ್ಲ, ನೀರು ಚೊಲೋ ಇಡೂ ಸಣ್ಣ ಸಣ್ಣ ಜೀವ ಅವು. ಬಾವಿ ನೀರಾಗ ಹಾಕು, ಲಗೂ!" ಮುಂದಿನದು ಬರೀ ಅಳು.

ವಿಷ! ತನ್ನ ಕೈಯಾರೆ, ಅದೂ ಅಕ್ಕರೆಯಿಂದ! ಪ್ರೇಮಾಬಾಯಿ ಪೆಟ್ಟಿಗೆಯತ್ತ ತಿರುಗಿದಳು. ನೋಡುನೋಡುತ್ತಿದ್ದಂತೆ ಓರೆಯಾಗಿದ್ದ ಮೀನೂ ಅಲುಗಾಡುವುದನ್ನು ನಿಲ್ಲಿಸಿತು. ಕಾಳೂ ತಳಕ್ಕೆ ಇಳಿಯುತ್ತಿತ್ತು. ಬಾವಿಗೆ ಹೋಗಿ, ಹಗ್ಗ ಇಳಿಸಿ, ಸೇದಿ ತರುವಷ್ಟು ಹೊತ್ತು ಅದು ಉಳಿಯುವ ಹಾಗೆ ಕಾಣಲಿಲ್ಲ.

ದೇವರ ಮನೆಯ ಹೊಸ್ತಿಲಲ್ಲಿ ಆ ಸ್ಟೀಲಿನ ಕೊಡ ಇತ್ತು. ಮದುವೆಯಾಗಿ ಬಂದಾಗಿನಿಂದ ದೇವರ ನೀರನ್ನು ಆಕೆ ಮಕ್ಕಳಿಗೂ ಮುಟ್ಟಲು ಬಿಟ್ಟವಳಲ್ಲ. ಯಾರದಾದರೂ ಸೆರಗು ತಾಗಿದರೆ ಚೆಲ್ಲಿ ಮತ್ತೆ ಸೇದುತ್ತಿದ್ದಳು. ಅವಳು ಪೆಟ್ಟಿಗೆಯೊಳಗೆ ಮೊಳಕೈವರೆಗೆ ಕೈ ಹಾಕಿ ಕಾಳೂನನ್ನು ಹಿಡಿದು ಆ ಕೊಡಕ್ಕೆ ಬಿಟ್ಟಳು. ಜೀವವಿದ್ದ ಉಳಿದ ಮೀನುಗಳನ್ನೂ ಒಂದೊಂದಾಗಿ ಹಿಡಿದು ಬಿಟ್ಟಳು.

ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲಿ ಬಂದ ಕೃಷ್ಣಾಜಿ ಕೊಡಕ್ಕೆ ಕೈ ಚಾಚಿದರು. "ಅಭಿಷೇಕಕ್ಕ ನೀರು ಇದ ಅಲ್ಲೇನು?"

ಪ್ರೇಮಾಬಾಯಿ ಕೊಡವನ್ನು ಎದೆಗೆ ಒತ್ತಿಕೊಂಡಳು.

"ಮುಟ್ಟಬ್ಯಾಡ್ರಿ," ಎಂದಳು. "ಇನ್ನೂ ಉಸಿರಾಡ್ಲಿಕ್ಕತ್ತಾವ."